ಗಂಗವ್ವನ ಅಲಸಂದಿ ಮತ್ತು ನನ್ನ ಮಹಾಪ್ರಬಂಧ

ಉತ್ತರದಾಯಿತ್ವವನ್ನು ಇನ್ನೊಬ್ಬರಿಂದ ಕೇಳುವುದರಷ್ಟು ಆರೋಗ್ಯಕರವಾದ ವ್ಯಾಯಾಮ ಬೇರೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಗಂಟಲು ತೆರೆಯುತ್ತದೆ, ರಕ್ತ ಚುರುಕಾಗುತ್ತದೆ, ಹಸಿವೂ ಚೆನ್ನಾಗಿ ಆಗುತ್ತದೆ. ಕಳೆದ ತಿಂಗಳು ಶಿಗ್ಗಾಂವದ ಕೃಷಿ ವಿಚಾರ ಸಂಕಿರಣದಲ್ಲಿ ಎದ್ದು ನಿಂತು, ‘ಜನರ ತೆರಿಗೆಯಿಂದ ನಡೆದ ಸಂಶೋಧನೆ ಜನರ ಅಂಗಳಕ್ಕೆ ಏಕೆ ಬಂದಿಲ್ಲ?’ ಎಂದು ವೇದಿಕೆಯ ವಿಜ್ಞಾನಿಗಳನ್ನು ಗದರಿಸಿದೆ. ಚಪ್ಪಾಳೆ ಬಿತ್ತು. ನಾನಿನ್ನೂ ಕುಳಿತಿರಲಿಲ್ಲ, ಹಿಂದಿನ ಸಾಲಿನಿಂದ ಪರಿಚಿತ ದನಿಯೊಂದು ಬಂತು: ‘ಚಲೋ ಕೇಳಿದಿ ಬಿಡವಾ. ನನ್ನ ಅಂಗಳಕ್ಕ ನೀ ಯಾವಾಗ ಬರ್ತಿ?’

ಚಿಕ್ಕೇರೂರಿನ ಗಂಗವ್ವ. ನಾಲ್ಕು ವರ್ಷದ ಹಿಂದೆ ಸರ್ಕಾರದ ಶಿಷ್ಯವೇತನ ಪಡೆದು, ನುಸಿ ಬೀಳದಂತೆ ಹೆಂಗಸರು ಬೀಜ ಕಾಪಾಡುವ ಬಗೆಯನ್ನು ಕುರಿತು ನಾನು ಸಂಶೋಧನೆ ಮಾಡಿದ್ದೆ. ಅವರ ಕಟ್ಟೆಯ ಮೇಲೆ ಎರಡು ದಿನ ಕುಳಿತು ಪ್ರಶ್ನೆ ಕೇಳಿದ್ದೆ, ಹೊತ್ತುಹೊತ್ತಿಗೆ ರೊಟ್ಟಿ ತಿಂದಿದ್ದೆ. ಆಮೇಲೆ ಪದವಿ ಬಂತು. ನಾನು ಮಾತ್ರ ಅತ್ತ ಹೋಗಲಿಲ್ಲ.

‘ಹ್ವಾದ ವರ್ಷ ಅಲಸಂದಿ ಬಿತ್ತಾಕ ತಗದ್ರ ಬರೇ ತೂತು,’ ಎಂದರು ಗಂಗವ್ವ. ‘ಈಗ ಉಳದದ್ದು ಒಂದ ಡಬ್ಬಿ. ಇದೂ ಹ್ವಾದ್ರ ನಮ್ಮ ಅತ್ತಿ ಕಾಲದ ಬೀಜ ಮುಗೀತು. ನಿನ್ನ ಪುಸ್ತಕದಾಗ ಏನೈತಿ ಹೇಳು.’

ಮರುದಿನವೇ ಮಹಾಪ್ರಬಂಧವನ್ನು ಹೊತ್ತು ಚಿಕ್ಕೇರೂರಿಗೆ ಹೋದೆ. ಗಂಗವ್ವ ಗೌರವದಿಂದ ಮಣೆ ಹಾಕಿದರು, ಗ್ರಂಥಕ್ಕೆ. ನಾನು ನೆಲದ ಮೇಲೆ ಕುಳಿತು ನಾಲ್ಕನೆಯ ಅಧ್ಯಾಯವನ್ನು ಬಾಯಲ್ಲೇ ಕನ್ನಡಕ್ಕೆ ತರುತ್ತಾ ಹೋದೆ. ಮೂರು ಪುಟ ದಾಟುವಷ್ಟರಲ್ಲಿ ಅವರು ತಡೆದರು. ‘ಬೂದಿ, ಬೇವಿನೆಲಿ ಹಾಕ್ತೇನಂತ ನಿನಗ ಹೇಳಿದಾಕಿ ನಾನ. ನನ್ನ ಮಾತ ನನಗ ಯಾಕ ಓದಾಕತ್ತಿ? ಬ್ಯಾರೇದವ್ರು ಏನ್ ಮಾಡ್ತಾರ ಅದನ್ನ ಹೇಳು.’

ಆಗ ನೆನಪಾಯಿತು: ಸವಣೂರು ಕಡೆಯ ಹತ್ತಿಮತ್ತೂರಿನ ಶಾಂತವ್ವನ ಕಾಳಿಗೆ ನುಸಿಯೇ ಬಿದ್ದಿರಲಿಲ್ಲ. ಆ ಸಂಗತಿ ನನ್ನ ಗ್ರಂಥದ ಅಡಿಟಿಪ್ಪಣಿಯೊಂದರಲ್ಲಿ ಹೊದ್ದು ಮಲಗಿತ್ತು. ಶಾಂತವ್ವನಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಇಬ್ಬರ ನಡುವೆ ಹಿಡಿದೆ.

‘ಒಣಗಿಸಿದ ಕಾಳಿನ ಮ್ಯಾಲ ಎರಡ ಬೆರಳ ದಪ್ಪ ಒಣ ಉಸುಕ ಹರವ್ರಿ ಅಕ್ಕಾರ. ನುಸಿ ಒಳಗ ಇಳಿಯೂದಿಲ್ಲ.’

‘ಇಷ್ಟನ?’

‘ಇಷ್ಟ. ಆ ಹುಡುಗಿ ಮುಂದ ಆವಾಗ ಹೇಳಿದ್ನಲ್ರಿ. ನಿಮಗ ಹೇಳಲಿಲ್ಲೇನು?’

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸರ್ಕಾರವು ಶಿಷ್ಯವೇತನ ಕೊಟ್ಟು ಶ್ರದ್ಧೆಯಿಂದ ಕಟ್ಟಿದ ಮೊಬೈಲ್ ಟವರಿನಂತೆ ನಾನು ಫೋನು ಹಿಡಿದು ನಿಂತೆ. ಗಂಗವ್ವ ಆಗಲೇ ಉಸುಕು ಸೋಸತೊಡಗಿದ್ದರು.

ಅಭ್ಯಾಸಬಲದಿಂದ ನನ್ನ ಕೈ ಟಿಪ್ಪಣಿ ಪುಸ್ತಕಕ್ಕೆ ಹೋಯಿತು.

‘ಮತ್ತ ಬರಕೊಳ್ಳಾಕತ್ತಿ? ಬರಿ. ಆದ್ರ ಈ ಸಲ ಹಾಳಿ ಇಲ್ಲೇ ಬಿಟ್ಟು ಹೋಗು.’

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಾರ್ವಜನಿಕ ಸಂಶೋಧನೆ ಕೊನೆಗೂ ಸಾರ್ವಜನಿಕರನ್ನು ತಲುಪುವ ಗಳಿಗೆಯಲ್ಲವೇ! ಸರಸರನೆ ಬರೆದು, ಹಾಳೆ ಹರಿದು, ಎರಡೂ ಕೈಯಿಂದ ಒಪ್ಪಿಸಿದೆ. ಗಂಗವ್ವ ಅದನ್ನು ಒಮ್ಮೆ ತಿರುಗಿಸಿ ನೋಡಿದರು, ಮತ್ತೊಮ್ಮೆ ತಿರುಗಿಸಿದರು.

‘ಇಂಗ್ಲೀಷಿನ್ಯಾಗ ಬರದೀಯಲ್ಲವಾ,’ ಎಂದರು.