ಮೇಷ್ಟ್ರ ಅರಗದ ಸೋಪು

“ಈ ಮೈಸೂರು ಸಂಸ್ಥಾನದೊಳಗೆ ನನ್ನ ಚರ್ಮಕ್ಕೆ ಒಪ್ಪುವ ಒಂದೇ ಒಂದು ಸೋಪನ್ನು ಮೂರು ವಾರದೊಳಗೆ ಹುಡುಕದಿದ್ದರೆ, ನನ್ನ ಹೆಸರು ರಾಮಲಿಂಗಯ್ಯನೇ ಅಲ್ಲ!”

ಚನ್ನಪಟ್ಟಣದ ಸರ್ಕಾರಿ ಶಾಲೆಯ ಕನ್ನಡ ಪಂಡಿತರಾದ ರಾಮಲಿಂಗಯ್ಯ ಮೇಷ್ಟ್ರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಬಚ್ಚಲುಮನೆಯ ಬಾಗಿಲಲ್ಲಿ, ಸೊಂಟಕ್ಕೆ ಒದ್ದೆ ಪಂಚೆ ಸುತ್ತಿಕೊಂಡು, ಎಡಗೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತಾ. ಬಲಗೈಯನ್ನು ಮಾತ್ರ ಪ್ರತಿಜ್ಞೆಯ ಗೌರವಕ್ಕೆ ತಕ್ಕಂತೆ ಮೇಲೆತ್ತಿದ್ದರು.

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಅವರ ಹೆಂಡತಿ ಮುನಿತಾಯಮ್ಮ ತಿರುಗಿಯೂ ನೋಡಲಿಲ್ಲ. “ಹಂಗಾರೆ ಈಗ್ಲೇ ಒಂದು ಬ್ಯಾರೆ ಹೆಸರು ನೋಡ್ಕಂಡಿರಿ. ಆಮ್ಯಾಕೆ ಪುರುಸೊತ್ತು ಆಗಕಿಲ್ಲ” ಎಂದಳು.

ಮೇಷ್ಟ್ರ ಚರ್ಮ ಅಂತಿಂಥ ಚರ್ಮವಲ್ಲ. ಯಾವುದೋ ಅರಮನೆಯ ರಾಜಕುಮಾರಿಗೆ ಸೇರಬೇಕಾದ ಚರ್ಮ ದಾರಿ ತಪ್ಪಿ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ಹುಟ್ಟಿದ ಇವರ ಮೈಗೆ ಬಂದು ಅಂಟಿಕೊಂಡಿತ್ತು! ಉಣ್ಣೆಯ ಕೋಟು ತೊಟ್ಟರೆ ಕೆಂಪು ಗಂದೆ ಏಳುತ್ತಿದ್ದವು. ಬಿಚ್ಚಿದರೆ ಗಾಳಿ ತಾಗಿ ಇನ್ನಷ್ಟು ಏಳುತ್ತಿದ್ದವು. ಒಮ್ಮೆ ಲೋಪಸಂಧಿ ಹೇಳಿಕೊಡುವಾಗ ತಡೆಯಲಾರದೆ ಅಡಿಕೋಲನ್ನು ಕಾಲರಿನೊಳಗೆ ಇಳಿಬಿಟ್ಟು ಬೆನ್ನು ಕೆರೆದುಕೊಂಡರು. ಅದೂ ಪಾಠದ ಭಾಗವೇ ಇರಬೇಕೆಂದು ತರಗತಿಯ ಮಕ್ಕಳೆಲ್ಲ ತಮ್ಮ ತಮ್ಮ ಅಡಿಕೋಲು ತೆಗೆದು ಬೆನ್ನು ಕೆರೆದುಕೊಂಡರು. ಆ ವರ್ಷ ಲೋಪಸಂಧಿಯನ್ನು ಅವರು ಯಾರೂ ಮರೆಯಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹಿಂದಿನ ತಿಂಗಳು ಚಿಕ್ಕತಾಯಿ ಎಂಬ ಹೆಸರಿನ ಮಗಳನ್ನು ನೋಡಲು ಕೈಲಾಂಚದಿಂದ ಗಂಡಿನ ಕಡೆಯವರು ಬಂದಿದ್ದರು. ಮೇಷ್ಟ್ರ ಕುತ್ತಿಗೆಯ ಕೆಂಪು ಕಲೆಗಳನ್ನೂ ಅವರು ಮಾತಿಗೊಮ್ಮೆ ಪರಪರ ಕೆರೆದುಕೊಳ್ಳುವುದನ್ನೂ ಕಂಡು, ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟರು. ‘ವಂಶದಲ್ಲೇ ಏನೋ ಚರ್ಮದ ಕಾಯಿಲೆ ಐತೆ’ ಎಂದು ಊರೆಲ್ಲ ಹೇಳಿಕೊಂಡು ಬಂದರು. ಅಂದು ಚಿಕ್ಕತಾಯಿ ಹಿತ್ತಲಲ್ಲಿ ಸೆರಗು ಬಾಯಿಗಿಟ್ಟು ಅತ್ತಿದ್ದನ್ನು ಮೇಷ್ಟ್ರು ಕಿಟಕಿಯಿಂದ ನೋಡಿದ್ದರು. ತಮ್ಮ ತೊಗಲಿನ ದೆಸೆಯಿಂದ ಮಗಳ ಬಾಳು ನಿಂತುಹೋಗುತ್ತದಲ್ಲ ಎಂದು ಆ ರಾತ್ರಿಯೆಲ್ಲ ಜಗಲಿಯ ಮೇಲೆ ಕೂತೇ ಕಳೆದರು. ಈಗ ಕಾನಕಾನಹಳ್ಳಿಯಿಂದ, ಅಂದರೆ ಇಂದಿನ ಕನಕಪುರದಿಂದ, ಬೋರಲಿಂಗಯ್ಯ ಎಂಬ ದೊಡ್ಡ ಅಂಗಡಿಯವರು ತಮ್ಮ ಮಗನಿಗೆ ಹೆಣ್ಣು ನೋಡಲು ಮೂರು ವಾರದಲ್ಲಿ ಬರುವವರಿದ್ದರು. ಪ್ರತಿಜ್ಞೆ ಹುಟ್ಟಿದ್ದು ಹೀಗೆ.

“ಸೋಪೂ ಬ್ಯಾಡ, ಸೀಮೆ ಎಣ್ಣೇನೂ ಬ್ಯಾಡ. ಬರೀ ಬಿಸಿನೀರು ಹುಯ್ಕಳಿ, ಹದಿನೈದು ದಿವಸದಲ್ಲಿ ಎಲ್ಲಾ ಸರಿಯಾಯ್ತದೆ” ಎಂದಳು ಮುನಿತಾಯಮ್ಮ.

“ಬರೀ ನೀರೇ! ಕಾಲ ಎಷ್ಟು ಮುಂದುವರಿದಿದೆ! ಊರಿಗೆ ರೈಲು ಬಂದಿದೆ! ವಿದ್ಯಾವಂತನಾದವನು ಎಮ್ಮೆಯ ಹಾಗೆ ಬರೀ ನೀರಿನಲ್ಲಿ ಮೀಯುವುದೇ?”

“ಎಮ್ಮೆಗೆ ಗಂದೆ ಎದ್ದಿದ್ದ ಎಲ್ಲಾರ ಕಂಡಿದ್ದೀರಾ?”

ಮೇಷ್ಟ್ರು ಪೇಟ ಸುತ್ತಿಕೊಂಡು ದಿಗ್ವಿಜಯಕ್ಕೆ ಹೊರಟರು.

ಮೊದಲು ರೈಲು ಹತ್ತಿ ಬೆಂಗಳೂರಿನ ದಂಡು ಪ್ರದೇಶದ ಇಂಗ್ಲಿಷ್ ಅಂಗಡಿಗೇ ಹೋಗಿ, ಡಬ್ಬಿಯ ಮೇಲೆ ಗುಲಾಬಿ ಹಿಡಿದ ದೊರೆಸಾನಿಯ ಚಿತ್ರವಿದ್ದ ಸೋಪು ತಂದರು. ಮಾರನೆಯ ದಿನ ಗುಲಾಬಿ ಡಬ್ಬಿಯ ಮೇಲಿರಲಿಲ್ಲ, ಮೇಷ್ಟ್ರ ಎರಡು ಕೆನ್ನೆಯ ಮೇಲಿತ್ತು! ಆಮೇಲೆ ಆಸ್ಪತ್ರೆಯ ಕಾಂಪೌಂಡರನ ಮಾತು ಕೇಳಿ ಕೆಂಪು ಔಷಧಿ ಸೋಪು ಉಜ್ಜಿದರು. ಚರ್ಮ ಬಿಗಿದುಕೊಂಡು, ತರಗತಿಯಲ್ಲಿ ‘ಐ’ಕಾರ ಉಚ್ಚರಿಸಲು ಬಾಯಿ ಅಗಲಿಸಲಾಗದೆ ಎರಡು ದಿನ ‘ಉ’ಕಾರದಲ್ಲೇ ಪಾಠ ಮುಗಿಸಿದರು. ಮೂರನೆಯದು ಸಿಹಿ ಪಾಕದಂಥ ಗ್ಲಿಸರಿನ್. ಅದನ್ನು ಮೈಗೆಲ್ಲ ಬಳಿದುಕೊಂಡು ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಒರಗಿದರು. ಅರ್ಧ ಗಂಟೆಯಲ್ಲಿ ಆ ಬೀದಿಯ ಇರುವೆಗಳೆಲ್ಲ ನೆಂಟರಿಷ್ಟರ ಸಮೇತ ದಯಮಾಡಿಸಿದವು. ಮೇಷ್ಟ್ರು ಕುಣಿದ ಕುಣಿತ ನೋಡಿ ಎದುರುಮನೆಯ ರೋಶನ್ ಬೀ, ದೇವರು ಬಂದಿರಬೇಕೆಂದು ದೂರದಿಂದಲೇ ಕೈಮುಗಿದಳು.

“ಒಂದು ವಾರ ಆಯ್ತು” ಎಂದಳು ಮುನಿತಾಯಮ್ಮ, ಗಂಡನ ಬೆನ್ನಿಗೆ ಮಜ್ಜಿಗೆ ಹಚ್ಚುತ್ತಾ. “ಹೆಸರು ನೋಡ್ಕಂಡ್ರಾ?”

ಮಾರನೆಯ ದಿನ ಶಾಲೆಯಿಂದ ಬರುತ್ತಾ ಮೇಷ್ಟ್ರು ತಾಜ್ ಪಾಷಾನ ಕಾರ್ಖಾನೆಯ ಮುಂದೆ ನಿಂತರು. ಪಾಷಾ ಮರ ಕಡೆದು ಬಣ್ಣದ ಬೊಂಬೆ ಮಾಡುವ ಕಸುಬುದಾರ. ಅವನ ಕೈಯ ಬುಗುರಿ ತಿರುಗಿದರೆ ನಿಲ್ಲುವುದೇ ಇಲ್ಲವೆಂದು ಹೆಸರಿತ್ತು. ಚನ್ನಪಟ್ಟಣಕ್ಕೆ ವರ್ಗವಾಗಿ ಬಂದ ಮೂರು ತಿಂಗಳಿಂದಲೂ ಮೇಷ್ಟ್ರು ದಿನಾ ಅಲ್ಲಿ ಐದು ನಿಮಿಷ ನಿಲ್ಲುತ್ತಿದ್ದರು. ಬೊಂಬೆ ನೋಡಲು ಅಂದುಕೊಳ್ಳಬೇಡಿ. ಪಾಷಾನ ಮನೆಮಾತು ಉರ್ದು, ಆದ್ದರಿಂದ ಅವನ ಕನ್ನಡ ತಿದ್ದುವುದು ತಮ್ಮ ಧರ್ಮ ಎಂದು ಅವರು ನಂಬಿದ್ದರು. ಪಾಷಾ ಪಾಪ, ಕೆಲಸ ನಿಲ್ಲಿಸದೆಯೇ ತಿದ್ದಿಸಿಕೊಳ್ಳುತ್ತಿದ್ದ.

ಅಂದು ಪಾಷಾನ ಪಕ್ಕದ ಹಲಗೆಯ ಮೇಲೆ ಒಂದು ಸೋಪಿನ ಬಿಲ್ಲೆ ಕೂತಿತ್ತು! ದುಂಡಗೆ, ತಿಳಿಗುಲಾಬಿ ಬಣ್ಣ, ಮುಖ ಕಾಣುವಂಥ ಹೊಳಪು, ಮೇಲೆ ‘ಚಂದ್ರಕಾಂತಿ’ ಎಂಬ ಅಕ್ಷರ. ಮೇಷ್ಟ್ರು ಮೂಸಿ ನೋಡಿದರು. ಯಾವ ಅತ್ತರಿನ ವಾಸನೆಯೂ ಇಲ್ಲ. ಇನ್ನೊಮ್ಮೆ ಮೂಸಿದರು.

“ಪಾಷಾ, ಇದು ಯಾತರದ್ದಯ್ಯಾ?”

ಪಾಷಾ ತಲೆಯೆತ್ತದೆ, “ಹಾಲೇದು ಸ್ವಾಮಿ. ಅರಗಿಂದು” ಎಂದ.

“ಎರಡು ಮಾತಿನಲ್ಲಿ ಎರಡು ತಪ್ಪು!” ಮೇಷ್ಟ್ರ ಮುಖ ಬೆಳಗಿತು. “ಹಾಲೇದು ಅಲ್ಲ, ಹಾಲಿನದು. ಷಷ್ಠೀ ವಿಭಕ್ತಿ. ಹಾಲು ಹಾಕಿ ಮಾಡಿದ್ದು, ಅಲ್ಲವೇ? ಅದಕ್ಕೇ ಇಷ್ಟು ನುಣುಪು! ಇನ್ನು, ಅರಗು ಅಂದರೆ ಕರಗು, ಸವೆದುಹೋಗು. ಹಾಗೆ ಕರಗದೆ ಬಹಳ ಕಾಲ ಬಾಳುವುದಕ್ಕೆ ಅರಗದ್ದು ಅನ್ನಬೇಕು. ನಿಷೇಧ ರೂಪ. ಅರಗಿಂದು ಅಲ್ಲ, ಅ-ರ-ಗ-ದ್ದು!”

“ಅರಗದ್ದು” ಎಂದ ಪಾಷಾ ವಿಧೇಯನಾಗಿ. ಪಂಡಿತರ ಹತ್ತಿರ ಯಾರು ವಾದಿಸುತ್ತಾರೆ?

“ಬಹಳ ದಿನ ಬರುತ್ತದೋ?”

“ಎಷ್ಟ್ ವರ್ಸ ಆದ್ರೂ ಹಿಂಗೇ ಇರ್ತದೆ ಸ್ವಾಮಿ.”

“ನೀರು ತಾಗಿದರೆ?”

“ಏನೂ ಆಗಕಿಲ್ಲ. ಒರೆಸಿ ಇಟ್ರೆ ಆಯ್ತು. ಗಿರಾಕಿ ಒಬ್ರು ಮಾಡ್ಸಿದ್ದು, ಇದೊಂದು ಮಾತ್ರ ಒಸಿ ಸೀಳು ಬುಟ್ಟೈತೆ, ಕೊಡಂಗಿಲ್ಲ. ಬೇಕಾದ್ರೆ ನೀವು ತಗಂಡೋಗಿ, ಮೇಜಿನ ಮ್ಯಾಲೆ ಚೆಂದಾಗಿ ಕಾಣ್ತದೆ.”

ಮೇಜಿನ ಮಾತು ಮೇಷ್ಟ್ರ ಕಿವಿಗೆ ಬೀಳಲೇ ಇಲ್ಲ. ಸೋಪನ್ನು ಅಂಗವಸ್ತ್ರದಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಮನೆಗೆ ಓಡಿದರು.

ಮಾರನೆಯ ಬೆಳಿಗ್ಗೆ ಬಚ್ಚಲುಮನೆಯಿಂದ ಜಯಘೋಷ ಕೇಳಿತು. “ಲೇ ಇವಳೇ! ಉರಿಯಿಲ್ಲ, ತುರಿಯಿಲ್ಲ! ಮೈಮೇಲೆ ಹೇಗೆ ಜಾರುತ್ತದೆ ಗೊತ್ತೇನು!”

ಮುನಿತಾಯಮ್ಮ ಕಟ್ಟಿಗೆ ತುಂಬಲು ಹೋದಾಗ ಹಂಡೆಯತ್ತ ಇಣುಕಿದಳು. ಸೋಪು ಬಿಸಿನೀರಿನ ಮೇಲೆ ಬಾತುಕೋಳಿಯಂತೆ ತೇಲುತ್ತಿತ್ತು. ಅವಳು ಅದನ್ನು ಎತ್ತಿಕೊಂಡಳು, ತಿರುಗಿಸಿದಳು, ಉಗುರಿನಿಂದ ಒಮ್ಮೆ ತಟ್ಟಿದಳು. ಆಮೇಲೆ ಮೆಲ್ಲಗೆ ಗೂಡಿನಲ್ಲಿಟ್ಟು ಬಂದಳು.

“ನೊರೆ ಬತ್ತದಾ?” ಎಂದಷ್ಟೇ ಕೇಳಿದಳು.

“ನೊರೆಯೇ ಚರ್ಮದ ಶತ್ರು! ಅಗ್ಗದ ಸೋಪಿಗೆ ಮಾತ್ರ ನೊರೆ ಬರುವುದು. ಇದು ಹಾಲಿನಿಂದ ಮಾಡಿದ್ದು, ಅರಗದ ಸೋಪು!”

“ಹಂಗಾರೆ ಇದನ್ನೇ ಹಾಕ್ಕಳಿ. ಬ್ಯಾರೇದು ಮುಟ್ಟಬ್ಯಾಡಿ” ಎಂದು ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಹೊಗೆಗೆ ಕೆಮ್ಮು ಬಂದಿರಬೇಕೆಂದು ಮೇಷ್ಟ್ರು ತಿಳಿದರು.

ಪವಾಡವೆಂದರೆ ಪವಾಡ! ವಾರದಲ್ಲಿ ಕಲೆಗಳು ಮಾಸಿದವು. ಹತ್ತು ದಿನದಲ್ಲಿ ಕುತ್ತಿಗೆ ತಿಳಿಯಾಯಿತು. ಮೇಷ್ಟ್ರು ಸಿಕ್ಕವರಿಗೆಲ್ಲ ಅಂಗಿಯ ತೋಳು ಮಡಿಸಿ ತೋರಿಸತೊಡಗಿದರು. ಹೆಡ್ ಮಾಸ್ತರಿಗೆ ಮೊಣಕೈ ತೋರಿಸಿದರು. ಆಗಿನ್ನೂ ಕ್ಲೋಸ್‌ಪೇಟೆ ಎಂದು ಕರೆಸಿಕೊಳ್ಳುತ್ತಿದ್ದ ರಾಮನಗರದಿಂದ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಕೇಳದೆಯೇ ಬೆನ್ನು ತೋರಿಸಿದರು. ಸೋಪು ಒಂದಿಷ್ಟೂ ಸವೆಯದಿರುವುದೇ ಅದರ ಶ್ರೇಷ್ಠತೆಗೆ ಸಾಕ್ಷಿ ಎಂದು ಭಾಷಣ ಮಾಡಿದರು.

ಕೊನೆಗೆ ಆ ದಿನವೂ ಬಂತು. ಬೋರಲಿಂಗಯ್ಯನವರು ಕಮಾನು ಗಾಡಿಯಿಂದ ಇಳಿದರು. ದಪ್ಪ ಮೀಸೆ, ದಪ್ಪ ಬೆಳ್ಳಿ ಕಡಗ, ಅದಕ್ಕಿಂತ ದಪ್ಪ ದನಿ. ಚಿಕ್ಕತಾಯಿ ಕಾಫಿ ಲೋಟ ಕೊಟ್ಟು ಒಳಗೆ ಹೋದಳು. ಬೋರಲಿಂಗಯ್ಯ ಮಾತ್ರ ಹುಡುಗಿಯನ್ನು ಬಿಟ್ಟು ಮೇಷ್ಟ್ರ ಕುತ್ತಿಗೆಯನ್ನೇ ನೋಡುತ್ತಿದ್ದರು.

“ಮುಚ್ಚುಮರೆ ಯಾಕೆ ಮೇಷ್ಟ್ರೇ, ಕೈಲಾಂಚದಲ್ಲಿ ಏನೇನೋ ಅಂದ್ರು. ಕಾಯಿಲೆ ಐತೆ, ಮೈಯೆಲ್ಲಾ ಹುಣ್ಣು ಅಂತ. ನೋಡೇ ಬುಡಾಣ ಅಂತ ಬಂದೆ. ಇಲ್ಲಿ ನೋಡಿದ್ರೆ ಮೈ ಬೆಣ್ಣೆ ಹಂಗೈತೆ!”

ಮೇಷ್ಟ್ರು ಕಾಯುತ್ತಿದ್ದುದೇ ಈ ಕ್ಷಣಕ್ಕೆ. ಇಲ್ಲಿಗೇ ಸುಮ್ಮನಿದ್ದಿದ್ದರೆ ತಾಂಬೂಲ ಬದಲಾಗಿಬಿಡುತ್ತಿತ್ತು. ಸುಮ್ಮನಿದ್ದರೆ ಅವರು ಮೇಷ್ಟ್ರು ಹೇಗಾದಾರು?

“ಎಲ್ಲ ಒಂದು ದಿವ್ಯ ವಸ್ತುವಿನ ಮಹಿಮೆ!” ಎನ್ನುತ್ತಾ ಎದ್ದರು.

ಬಾಗಿಲ ಮರೆಯಿಂದ ಮುನಿತಾಯಮ್ಮ, “ಈಗ್ಯಾಕ್ರೀ ಅದು? ಕೂತ್ಕಳಿ” ಎಂದಳು. ಬಳೆ ಸದ್ದು ಮಾಡಿದಳು. ಕೆಮ್ಮಿದಳು. ಮೇಷ್ಟ್ರು ಕೇಳಲಿಲ್ಲ. ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಸೋಪನ್ನಿಟ್ಟು ತಂದು ಬೋರಲಿಂಗಯ್ಯನವರ ಮುಂದೆ ಹಿಡಿದರು.

ಬೋರಲಿಂಗಯ್ಯ ಸೋಪನ್ನು ಎತ್ತಿದರು. ಕಡಗಕ್ಕೆ ಬಡಿದರು. ಟಕ್, ಟಕ್! ಅಂಚಿನ ಸೀಳನ್ನು ನೋಡಿದರು. ಅವರ ಮೀಸೆ ಅಲುಗಾಡತೊಡಗಿತು.

“ಮೇಷ್ಟ್ರೇ, ಇದು ನಂದು.”

“ಆಂ?”

“ನಾನೇ ಮಾಡ್ಸಿದ್ದು. ಅಂಗಡಿ ಗಾಜಿನ ಬೀರುನಲ್ಲಿ ಅಸಲಿ ಸೋಪು ಇಟ್ರೆ ಬಿಸಿಲಿಗೆ ಬಣ್ಣ ಹೋಯ್ತದೆ, ಇಲಿ ಬ್ಯಾರೆ ಕಡೀತದೆ. ಅದಕ್ಕೆ ನೋಡೋಕೆ ಅಂತ ನಿಮ್ಮೂರ ತಾಜ್ ಪಾಷಾನ ಕೈಲಿ ಒಂದು ಡಜನ್ನು ಮಾಡ್ಸಿದೆ. ಒಂದು ಸೀಳು ಬುಡ್ತು ಅಂತ ಹನ್ನೊಂದೇ ಕಳಿಸ್ದ. ಇದು ಸೋಪಲ್ಲ ಮೇಷ್ಟ್ರೇ, ಮರ! ಹಾಲೆ ಮರದ್ದು, ಮ್ಯಾಲೆ ಬೊಂಬೆಗೆ ಬಳಿಯೋ ಅರಗು!”

ಹಾಲೇದು. ಅರಗಿಂದು. ಮೇಷ್ಟ್ರ ಕಿವಿಯಲ್ಲಿ ಪಾಷಾನ ಎರಡು ಮಾತುಗಳು ಮೊಳಗಿದವು. ಹಾಲೆ ಎಂಬ ಮರದ್ದು, ಅರಗು ಹಾಕಿದ್ದು! ಅವನ ಕನ್ನಡದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ತಪ್ಪು ತಿದ್ದಿದವರದು.

“ಹಾಗಾದರೆ... ನನ್ನ ಮೈ ವಾಸಿಯಾಗಿದ್ದು?” ಮೇಷ್ಟ್ರ ದನಿ ಸಣ್ಣಗಾಗಿತ್ತು.

“ಬರೀ ಬಿಸಿನೀರಿಂದ ಕಣ್ರೀ” ಎಂದಳು ಮುನಿತಾಯಮ್ಮ ಬಾಗಿಲ ಮರೆಯಿಂದ.

“ನಿನಗೆ ಗೊತ್ತಿತ್ತೇ?”

“ಮೊದಲ್ನೇ ದಿನವೇ. ಹಂಡೇಲಿ ತೇಲ್ತಾ ಇತ್ತು.”

“ಮತ್ತೆ ಹೇಳಬಾರದಾಗಿತ್ತೇ!”

“ಹೇಳಿದ್ರೆ ಮಾರ್ನೇ ದಿನ ಇನ್ನೊಂದು ಸೋಪು ತತ್ತಿದ್ರಿ, ಮತ್ತೆ ಮೈಯೆಲ್ಲಾ ಕೆಂಪು ಮಾಡ್ಕತ್ತಿದ್ರಿ. ನೀವು ಕೆರ್ಕಳೋದು ನನ್ ಕಣ್ಣಲ್ಲಿ ನೋಡೋಕಾಯ್ತಿರಲಿಲ್ಲ. ಮಗಳ ಮದುವೇನೂ ಆಗಬೇಕಲ್ಲ. ಸೋಪಂತೂ ಅರಗಲಿಲ್ಲ, ಈ ಸುದ್ದಿಯ ನೀವು ಒಸಿ ಅರಗಿಸ್ಕಳಿ.”

ಬೋರಲಿಂಗಯ್ಯ ಇಷ್ಟು ಹೊತ್ತು ತಡೆದಿದ್ದ ನಗು ಹೊರಗೆ ನುಗ್ಗಿತು. ಗಾಡಿಯ ಎತ್ತುಗಳು ಬೆದರಿ ಕುಣಿದವು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರೆ ಮೇಷ್ಟ್ರು ತಲೆತಗ್ಗಿಸಿ ಕೂತಿದ್ದರು. ಕೈಲಾಂಚದವರು ಕಾಯಿಲೆ ಎಂದು ಎದ್ದುಹೋದರು. ಇವರು ಹುಚ್ಚು ಎಂದು ಎದ್ದುಹೋಗುತ್ತಾರೆ. ಹಿತ್ತಲಲ್ಲಿ ಅತ್ತ ಮಗಳ ಮುಖ ಕಣ್ಣ ಮುಂದೆ ಬಂತು.

“ಬೋರಲಿಂಗಯ್ಯನವರೇ, ದಡ್ಡತನ ನನ್ನದು. ಹುಡುಗಿ ಜಾಣೆ. ಅವಳು...”

“ಸುಮ್ಕಿರಿ ಮೇಷ್ಟ್ರೇ. ಇಷ್ಟು ದಿವಸ ಮರದ ತುಂಡು ಉಜ್ಕಳೋ ಗಂಡನ್ನ ಕಣ್ಣಾರ ನೋಡಿ, ಹೀಯಾಳಿಸ್ದೆ, ಅಕ್ಕಪಕ್ಕದೋರಿಗೆ ಹೇಳ್ದೆ ಕಾಪಾಡವ್ರಲ್ಲ ಆ ತಾಯಿ, ಅವ್ರು ಬೆಳೆಸಿದ ಹೆಣ್ಣೇ ನಮ್ಮನೆಗೆ ಬೇಕು.” ಬೋರಲಿಂಗಯ್ಯ ದನಿ ತಗ್ಗಿಸಿದರು. “ನನ್ ಮಗನೂ ಒಸಿ ನಿಮ್ ಥರಾನೇ.”

ಬಾಗಿಲ ಹಿಂದೆ ಎರಡು ಜೊತೆ ಬಳೆಗಳು ಒಟ್ಟಿಗೆ ಸದ್ದು ಮಾಡಿದವು. ತಾಂಬೂಲ ಬದಲಾಯಿತು. ಹೊರಡುವಾಗ ಬೋರಲಿಂಗಯ್ಯ, “ಹನ್ನೆರಡನೇದು ಸಿಕ್ತು” ಎಂದು ಸೋಪನ್ನು ಜೇಬಿಗೆ ಹಾಕಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಬಚ್ಚಲಿಗೆ ಹೋದ ಮೇಷ್ಟ್ರು ಬರಿದಾದ ಗೂಡನ್ನು ನೋಡುತ್ತಾ ನಿಂತರು. ಕೈ ಏನೋ ಕಳೆದುಕೊಂಡಂತೆ ತಡಕಾಡಿತು. ಬರೀ ನೀರು ಹುಯ್ದುಕೊಂಡು ಬಂದರೂ ಮಿಂದ ಹಾಗೆ ಅನ್ನಿಸಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ, ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಪಾಷಾನ ಕಾರ್ಖಾನೆಗೆ ನುಗ್ಗಿದರು.

“ಪಾಷಾ, ನನಗೆ ಅಂಥದೇ ಇನ್ನೊಂದು ಸೋಪು ಮಾಡಿಕೊಡಯ್ಯಾ.”

ಪಾಷಾ ಮೊದಲ ಸಲ ಕೆಲಸ ನಿಲ್ಲಿಸಿ ತಲೆಯೆತ್ತಿದ. ಸುದ್ದಿ ಆಗಲೇ ಪೇಟೆಯೆಲ್ಲ ತಿರುಗಿ ಅವನ ಬಾಗಿಲಿಗೆ ಬಂದಿತ್ತು. ಆದರೂ ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ, ಪಾಠ ಒಪ್ಪಿಸುವವನಂತೆ ಕೈಕಟ್ಟಿ ಕೇಳಿದ:

“ಆಗಲಿ ಸ್ವಾಮಿ. ಅರಗಿಂದು ಮಾಡ್ಲಾ, ಅರಗದ್ದು ಮಾಡ್ಲಾ?”

ಮೇಷ್ಟ್ರು ಪೇಟ ಸರಿಮಾಡಿಕೊಂಡರು. “ನೀನು ಹೇಗೆ ಅಂತೀಯೋ ಹಾಗೆ, ಪಾಷಾ” ಎಂದರು.