ಸೊನ್ನೆ ತೋರಿಸಿದ ಸೆನ್ಸರ್ ಮಹಾಶಯರಿಗೆ

ಗೆ,
ನೀರಿನ ಹರಿವು ಅಳೆಯುವ ಸೆನ್ಸರ್ ಮಹಾಶಯರು,
ಮೊದಲನೇ ತೂಬು, ನಾಲೆಯ ಬದಿ,
ಭದ್ರಾವತಿ ತಾಲ್ಲೂಕು.

ರವೀಂದ್ರನಗರ, ಶಿವಮೊಗ್ಗ
ನವೆಂಬರ್ 2005

ಮಾನ್ಯರೇ,

ತಮ್ಮ ಚಕ್ರ ಸರಾಗವಾಗಿ ತಿರುಗುತ್ತಿದೆಯೆಂದೂ, ತಮ್ಮ ಡಬ್ಬಿಯೊಳಗೆ ಹಲ್ಲಿ ಇನ್ನೂ ಸಂಸಾರ ಹೂಡಿಲ್ಲವೆಂದೂ ನಂಬಿ, ತಮ್ಮ ಪಾದಗಳಿಗೆ, ಅಂದರೆ ಆ ನಾಲ್ಕು ಬೋಲ್ಟುಗಳಿಗೆ, ನಮಸ್ಕರಿಸಿ, ನಿವೃತ್ತ ವಿಜ್ಞಾನದ ಮೇಷ್ಟರೂ ನೀರು ಬಳಕೆದಾರರ ಸಂಘದ ಅಧ್ಯಕ್ಷರೂ ಆದ ನರಸಿಂಹಮೂರ್ತಿ ಎಂಬ ನಾನು ಈ ದೂರನ್ನು ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಮ್ಮನ್ನು ನವುಲೆಯ ಕೃಷಿ ಮೇಳದಲ್ಲಿ ಕಂಡು, ಮರುಳಾಗಿ, ಸಂಘದವರನ್ನೆಲ್ಲ ಒಪ್ಪಿಸಿ ಇಲ್ಲಿಗೆ ಕರೆತಂದವನು ನಾನೇ ಎಂಬುದು ತಮಗೆ ಗೊತ್ತಿರಬಹುದು. ನಮ್ಮ ಕೊಳವೆಯಲ್ಲಿ ನಾಲೆಯ ನೀರು ಮೊದಲು ಬರುವುದು ನನ್ನ ಎರಡೂವರೆ ಎಕರೆಗೆ. ಅಲ್ಲಿಂದ ಮುಂದೆ ಒಂಬತ್ತು ಜನರ ಗದ್ದೆಗಳನ್ನು ದಾಟಿ ಕಟ್ಟಕಡೆಗೆ ದುರ್ಗಮ್ಮನ ಒಂದೇ ಒಂದು ಎಕರೆಗೆ. ನನ್ನ ಗದ್ದೆ ತುಂಬಿದ ಮೇಲೆ ತೂಬು ಮುಚ್ಚಬೇಕಾದ ಹೊತ್ತಿಗೆ ನಾನು ಸಾಮಾನ್ಯವಾಗಿ ಶಿವಮೊಗ್ಗದ ಮನೆಯಲ್ಲಿ ಎರಡನೇ ಕಾಫಿಗೆ ಕೂತಿರುತ್ತಿದ್ದೆನಾದ್ದರಿಂದ, ನನ್ನ ಪಾಲಿನ ನೀರು ಎಣಿಸಿ ಮುಗಿದ ಕೂಡಲೇ ತಾವೇ ನನ್ನ ತೂಬನ್ನು ಮುಚ್ಚಿ ನೀರನ್ನು ಮುಂದಕ್ಕೆ ಬಿಡುವ ಏರ್ಪಾಡಾಯಿತು. ನೀರಿನ ಪೋಲನ್ನು ವಿಜ್ಞಾನದಿಂದ ತಡೆದ ಮೊದಲ ಸಂಘ ನಮ್ಮದೇ ಎಂದು ನಾನು ಭಾಷಣ ಮಾಡಿದೆ. ಐವತ್ತು ನಿಮಿಷ ಮಾಡಿದೆ.

ಆಮೇಲೆ ಆಯುಧಪೂಜೆ ಬಂತು. ಮನೆಯ ಮೊಪೆಡ್ಡಿಗೆ, ಹಾರೆಗೆ, ಮಿಕ್ಸಿಗೆ ಕುಂಕುಮ ಹಚ್ಚಿದವನಿಗೆ ತಮ್ಮನ್ನು ಬಿಡಲು ಮನಸ್ಸು ಬರುತ್ತದೆಯೇ? ಗಾಂಧಿ ಬಜಾರಿನಿಂದ ಎರಡು ಮೊಳ ಚೆಂಡುಹೂವಿನ ಹಾರ ತಂದೆ. ಹೊರಗಿನ ಡಬ್ಬಿಗೆ ಪೂಜೆ ಮಾಡುವುದೆಂದರೆ ಬಾಗಿಲಿಗೆ ಕೈಮುಗಿದು ದೇವರನ್ನು ನೋಡದೇ ಬಂದ ಹಾಗೆ ಎಂದು ನನಗೆ ನಾನೇ ಬೋಧಿಸಿಕೊಂಡು, ‘ಜಾಲರಿಯನ್ನು ಯಾವ ಕಾರಣಕ್ಕೂ ತೆಗೆಯಬಾರದು’ ಎಂಬ ಸೂಚನೆಯನ್ನು ಸಂಘದವರಿಗೆಲ್ಲ ಮೂರು ಸಲ ಗಟ್ಟಿಯಾಗಿ ಓದಿ ಹೇಳಿದ್ದ ನಾನೇ ಜಾಲರಿ ತೆಗೆದೆ. ಚಕ್ರಕ್ಕೆ ಕುಂಕುಮವಿಟ್ಟೆ, ಹಾರ ಹಾಕಿದೆ, ಕರ್ಪೂರ ಬೆಳಗಿದೆ. ನೀರುಗಂಟಿ ಹಾಲೇಶ್ “ಸಾರ್, ಹಾರ ಒಳಗೆ ಬೇಡ ಸಾರ್” ಅಂದ. “ನಿನಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು ಮಾರಾಯ” ಅಂದೆ.

ಮರುದಿನದಿಂದ ತಾವು ಸೊನ್ನೆ ತೋರಿಸತೊಡಗಿದಿರಿ. ಒಂದು ದಿನವಲ್ಲ, ಎರಡು ದಿನವಲ್ಲ, ಹನ್ನೊಂದು ದಿನ ಸೊನ್ನೆ. ಇನ್ನೊಬ್ಬನಾಗಿದ್ದರೆ ಅನುಮಾನಪಡುತ್ತಿದ್ದ. ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದ ನಾನು ಹೆಮ್ಮೆಪಟ್ಟೆ. ನನ್ನ ಗದ್ದೆಯ ನೀರು ಬದು ದಾಟಿ ಹಳ್ಳಕ್ಕೆ ಧೋ ಎಂದು ಬೀಳುತ್ತಿದ್ದುದನ್ನು ಈ ಕಣ್ಣಾರೆ ನೋಡಿ, ಹಿಂದಿನ ವಾರದ ಮಳೆ ಇನ್ನೂ ಬಸಿಯುತ್ತಿದೆ ಎಂದು ತೀರ್ಮಾನಿಸಿದೆ. ಸಂಘದ ಕಪ್ಪು ಹಲಗೆಯ ಮೇಲೆ ‘ಅಧ್ಯಕ್ಷರ ಗದ್ದೆ: ಬಳಕೆ ಸೊನ್ನೆ’ ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ.

ಆರನೇ ದಿನ ದುರ್ಗಮ್ಮ ಸಂಘದ ಸಭೆಗೆ ಬಂದಳು. “ಮೇಷ್ಟ್ರೇ, ಭತ್ತ ಹಾಲು ತುಂಬೋ ಹೊತ್ತು. ಪೂಜೆ ಆದಾಗಿಂದ ಒಂದು ತೊಟ್ಟು ನೀರು ಬಂದಿಲ್ಲ, ನೆಲ ಬಿರೀತಾ ಐತೆ. ನಿಮ್ಮ ತೂಬು ಒಂದ್ಸಲ ನೋಡಿ” ಅಂದಳು. ನಾನು ಎದ್ದು ನಿಂತೆ, ಹಲಗೆಯ ಸೊನ್ನೆಯನ್ನು ಬೆರಳಿನಿಂದ ತೋರಿಸಿದೆ, ಮೂವತ್ತು ಜನರ ಎದುರಿಗೆ “ಮೀಟರ್ ಸುಳ್ಳು ಹೇಳಲ್ಲ ದುರ್ಗಮ್ಮ, ನೀನು ಹೇಳ್ತಿದೀಯ” ಅಂದೆ. ಕೆಲವರು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಹನ್ನೆರಡನೇ ದಿನ ಹಾಲೇಶ್ ನನ್ನನ್ನು ಕೇಳದೆ ಡಬ್ಬಿ ಬಿಚ್ಚಿದ. ಹಾರದ ದಾರ ತಮ್ಮ ಚಕ್ರಕ್ಕೆ ಏಳು ಸುತ್ತು ಬಿಗಿದುಕೊಂಡಿತ್ತು. ಚಕ್ರ ತಿರುಗದ್ದರಿಂದ ನೀರೇ ಬಂದಿಲ್ಲವೆಂದು ತಾವು ತಿಳಿದಿರಿ. ನೀರು ಬಂದಿಲ್ಲವಾದ್ದರಿಂದ ನನ್ನ ತೂಬನ್ನು ತೆರೆದೇ ಇಟ್ಟಿರಿ. ಮುಂದಕ್ಕೆ ಹೋದ ಅಷ್ಟಿಷ್ಟು ನೀರು ನಡುವಿನ ಒಂಬತ್ತು ಜನರ ಗದ್ದೆಗಳಲ್ಲೇ ಮುಗಿಯಿತು. ಹೀಗೆ ಹನ್ನೊಂದು ದಿನ ದುರ್ಗಮ್ಮನ ಪಾಲಿನ ನೀರೆಲ್ಲ ನನ್ನ ಗದ್ದೆಯ ಮೇಲೆ ಹಾದು ಹಳ್ಳ ಸೇರಿತು. ಸುದ್ದಿ ಕೇಳಿದ ನನ್ನ ಹೆಂಡತಿ ಜಯಾ, “ಅಲ್ಲಾ ಮಾರಾಯ್ರೇ, ಬರೀ ಹಾರನಾ? ಬೂದುಗುಂಬಳಕಾಯಿನೂ ಅದರೊಳಗೇ ತುರುಕಿದ್ರೆ ಪೂಜೆ ಪೂರ್ತಿ ಆಗ್ತಿತ್ತಲ್ಲ” ಅಂದಳು.

ಮಾನ್ಯರೇ, ನನ್ನ ದೂರು ಇಷ್ಟೇ. ನೀರು ಹೆಚ್ಚು ಹರಿದರೆ ಹೊತ್ತಿಕೊಳ್ಳಲು ತಮಗೆ ಕೆಂಪು ದೀಪವಿದೆ, ಕೂಗಲು ಸೈರನ್ ಇದೆ. ಜಾಲರಿ ತೆಗೆದು ಹಾರ ಹಿಡಿದು ಬಂದ ಅಧ್ಯಕ್ಷನನ್ನು ಕಂಡಾಗ ಕೂಗಲು ಏನಾಗಿತ್ತು? ಬೇಡ, ತಮ್ಮ ಸೌಜನ್ಯ ದೊಡ್ಡದು. ಕತ್ತು ಹಿಸುಕಿದವನ ಮರ್ಯಾದೆಯನ್ನು ಹನ್ನೊಂದು ದಿನ ಕಾಪಾಡಿದಿರಿ. ಆದ್ದರಿಂದ ತಮ್ಮ ಕಂಪನಿಯವರಿಗೆ ಹೇಳಿ ನನ್ನ ಗಂಟಲಿಗೂ ಇಂಥದೇ ಒಂದು ಚಕ್ರ ಕೂರಿಸಿಕೊಡಿ; ಹತ್ತು ನಿಮಿಷ ಭಾಷಣವಾದ ಕೂಡಲೇ ತೂಬು ತಾನಾಗಿ ಮುಚ್ಚಿಕೊಳ್ಳಲಿ. ನನ್ನ ಕಿವಿಗೊಂದು ಕೂರಿಸಿ, ಯಾರ ಮಾತು ಎಷ್ಟು ಒಳಗೆ ಹೋಯಿತೆಂದು ಹಲಗೆಯ ಮೇಲೆ ತೋರಿಸಿ. ಮುಂದಿನ ಆಯುಧಪೂಜೆಗೆ ನಾನು ಹತ್ತಿರ ಬಂದರೆ ಸಣ್ಣದಾಗಿ ಶಾಕ್ ಹೊಡೆಯಿರಿ, ನನ್ನ ಒಪ್ಪಿಗೆ ಇದೆ. ಸಾಧ್ಯವಾದರೆ ಅಧ್ಯಕ್ಷಗಿರಿಯನ್ನೂ ತಾವೇ ವಹಿಸಿಕೊಳ್ಳಿ.

ದುರ್ಗಮ್ಮನ ಭತ್ತ ಅರ್ಧಕ್ಕರ್ಧ ಜೊಳ್ಳಾಗಿದೆ. ತೆನೆ ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಹಿಡಿದು ನೋಡಿದೆ, ನನಗೆ ನಾಚಿಕೆಯಾಯಿತು. ನನ್ನ ಗದ್ದೆಯ ಭತ್ತ ಕೊಡುತ್ತೇನೆಂದು ಅವಳ ಮನೆ ಬಾಗಿಲಿಗೆ ಹೋದೆ. “ಭತ್ತ ಆಮೇಲೆ ಮೇಷ್ಟ್ರೇ. ನನ್ನನ್ನ ಸುಳ್ಳಿ ಅಂತ ಸಭೇಲಿ ಅಂದ್ರಿ, ಅದಕ್ಕೆ ಸಭೇಲೇ ಏನಾರ ಹೇಳಿ” ಅಂದಳು. ಅದಕ್ಕೆಂದೇ ಈ ಪತ್ರ ಬರೆದಿದ್ದೇನೆ. ಸೋಮವಾರದ ಸಭೆಯಲ್ಲಿ ನಾನೇ ನಿಂತು ಓದುವವನಿದ್ದೇನೆ.

ತಮ್ಮ ಚಕ್ರ ಸದಾ ತಿರುಗುತ್ತಿರಲೆಂದು ದೂರದಿಂದಲೇ ಹಾರೈಸುವ,

ತಮ್ಮ ವಿಶ್ವಾಸಿ,
ನರಸಿಂಹಮೂರ್ತಿ

ತಾ.ಕ.: ಸೋಮವಾರ ಓದಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಹಾಲೇಶ್ ಚಪ್ಪಾಳೆ ತಟ್ಟಿದ, ನಾನೂ ಬೀಗಿದೆ. ದುರ್ಗಮ್ಮ ಮಾತ್ರ ಕೊನೆಯವರೆಗೂ ನಗದೆ ಕೇಳಿ, “ಚೆನ್ನಾಗೈತೆ ಮೇಷ್ಟ್ರೇ. ಇಷ್ಟುದ್ದ ಬರೆದಿದೀರಲ್ಲ, ಇದರಲ್ಲಿ ‘ತಪ್ಪಾಯ್ತು’ ಅನ್ನೋದು ಎಲ್ಲೈತೆ?” ಎಂದು ಕೇಳಿದಳು. ಅಲ್ಲೇ ನಿಂತು ಮೊದಲಿಂದ ಕೊನೆಯವರೆಗೆ ಎರಡು ಸಲ ಹುಡುಕಿದೆ. ಎಲ್ಲೂ ಇರಲಿಲ್ಲ. ಸೆನ್ಸರ್ ಮಹಾಶಯರೇ, ತಾವು ಸ್ವಲ್ಪ ಪಕ್ಕಕ್ಕೆ ಸರಿಯಿರಿ. ದುರ್ಗಮ್ಮನವರೇ, ತಪ್ಪಾಯಿತು.