ಭಾವನ ಜಾವಾಸ್ಕ್ರಿಪ್ಟು

ಬಸ್ಸು ಹೋದ ಮೇಲೆ ಅದರ ಸಮಯ ಹೇಳುವ ವೆಬ್‌ಸೈಟು ಈ ಜಗತ್ತಿನಲ್ಲಿ ಒಂದೇ ಒಂದಿದೆ. ಅದನ್ನು ಕಟ್ಟಿದ ಮಹಾನುಭಾವರು ಬೇರೆ ಯಾರೂ ಅಲ್ಲ, ನಮ್ಮ ಭಾವ! ಹನೂರು ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಕಂಟ್ರೋಲರ್ ಆಗಿದ್ದವರು. ಮೈಕಿನ ಮುಂದೆ ಕೂತು ಬೆಟ್ಟದ ಬಸ್ಸು, ಕೊಳ್ಳೇಗಾಲದ ಬಸ್ಸು ಎಂದು ಕೂಗಿ ಕೂಗಿ ನಿವೃತ್ತರಾದರು. ನಿವೃತ್ತರಾದವರು ಏನು ಮಾಡಬೇಕು? ಜಗಲಿಯ ಮೇಲೆ ಕೂತು ಪೇಪರ್ ಓದಬೇಕು, ಸಕ್ಕರೆ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಡಬೇಕು. ಇವರು ವೆಬ್‌ಸೈಟು ಕಟ್ಟುವ ಜಾವಾಸ್ಕ್ರಿಪ್ಟ್ ಕಲಿಯಲು ಹೊರಟರು!

ನಾನು ಅಗರದವನು, ಹನೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ದಿನಾ ಕೊಳ್ಳೇಗಾಲದ ಮೇಲೆ ಎರಡು ಬಸ್ಸು ಹತ್ತಿ ಬರುತ್ತೇನೆ, ಎರಡು ಬಸ್ಸು ಹತ್ತಿ ಹೋಗುತ್ತೇನೆ. ಹನ್ನೆರಡು ವರ್ಷದಿಂದ ಕಂಪ್ಯೂಟರಿನ ಮುಂದೆಯೇ ಕೂತಿದ್ದೇನೆ. ಟೈಪು ಮಾಡುವುದು, ಪ್ರಿಂಟು ಕೊಡುವುದು ಬಿಟ್ಟರೆ ಬೇರೇನೂ ಬರುವುದಿಲ್ಲ, ನಿಜ. ಆದರೆ ಬಾರದ್ದನ್ನು ಕಲಿಯಲು ಹೋಗಿ ಹತ್ತು ಜನರ ಮುಂದೆ ನಗೆಪಾಟಲಾಗುವಷ್ಟು ದಡ್ಡನಂತೂ ನಾನಲ್ಲ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಭಾವ ಕೇಳುತ್ತಾರೆ, “ಮನೆಗೆ ಬಾರ್ಲಾ, ಉಂಡ್ಕಂಡು ಓಗುವೆ.” ನಾನು ತಪ್ಪದೆ ಹೇಳುತ್ತೇನೆ, “ಬಸ್ಸು ಬತ್ತದ ಭಾವ, ಇನ್ನೊಂದಪ ಬತ್ತೀನಿ.” ಅಕ್ಕನಿಲ್ಲದ ಆ ಅಡುಗೆಮನೆಯನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಹಾಗಾಗಿ ಬಸ್ಸು.

ಇರಲಿ, ವಿದ್ಯಾಭ್ಯಾಸಕ್ಕೆ ಬರೋಣ. ಭಾವ ಕೊಳ್ಳೇಗಾಲದ ಕಂಪ್ಯೂಟರ್ ಸೆಂಟರಿಗೆ ಸೇರಿದರು. ಮೊದಲ ದಿನ ಪಾಠದ ಮೇಡಂ, “ಎಲ್ರೂ ಹಲೋ ವರ್ಲ್ಡ್ ಅಂತ ಬರೀರಿ” ಎಂದರಂತೆ. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಹಾಗೆಯೇ ಶುರು ಮಾಡಿದ್ದಾರೆ. ನಮ್ಮ ಭಾವ ಒಪ್ಪಬೇಕಲ್ಲ!

“ಎದುರ್ಗೆ ಯಾರೂ ಇಲ್ದೆ ಒಬ್ನೇ ನಮಸ್ಕಾರ ಅಂದ್ರೆ ಉಚ್ಚ ಅಂತಾರೆ ಕಣಮ್ಮ. ಮೊದ್ಲು ಯಾವೂರು ಅಂತ ಕೇಳ್ಬೇಕು.”

“ಸಾ, ಪುಸ್ತಕದಲ್ಲಿ ಇರೋದು ಹಲೋ ವರ್ಲ್ಡ್ ಸಾ.”

“ಪುಸ್ತಕ ಬರ್ದೋನು ನಮ್ ಕಡೆಯೋನಲ್ಲ ಬುಡಿ.”

ಹೀಗೆ ಭಾವನ ಮೊದಲ ಪ್ರೋಗ್ರಾಮು “ಯಾವೂರು?” ಎಂದು ಕೇಳಿತು. ಎರಡನೆಯದು “ಯಾರ ಮನೆಯೋರು?” ಎಂದಿತು. ಒಂದು ವಾರದಲ್ಲಿ ಅವರ ಕಂಪ್ಯೂಟರು ಹೆಣ್ಣು ನೋಡಲು ಬಂದವರ ಹಾಗೆ ಮಾತಾಡುತ್ತಿತ್ತು.

ಇನ್ನು ತಪ್ಪುಗಳ ಕಥೆ. ಕೋಡಿನಲ್ಲಿ ತಪ್ಪಾದರೆ ಪರದೆಯ ಮೇಲೆ ಕೆಂಪಕ್ಷರ ಬರುತ್ತದಲ್ಲ, ಭಾವ ಅದಕ್ಕೆ ಇಟ್ಟ ಹೆಸರು ಮೆಮೊ. “ಇವತ್ತು ಕಂಪ್ಯೂಟರಪ್ಪ ನಾಕ್ ಮೆಮೊ ಕೊಟ್ಟ ಕಣ್ಲಾ!” ಮೂವತ್ತು ವರ್ಷದ ಸರ್ವೀಸಿನಲ್ಲಿ ಮೆಮೊಗೆ ಉತ್ತರ ಕೊಡದೆ ಉಳಿದವರಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಸಮಜಾಯಿಷಿ ಬರೆದಿದ್ದರು. ಬಸ್ ಸ್ಟ್ಯಾಂಡಿಗೆ ತಂದಿದ್ದಾಗ ನಾನೇ ಕಣ್ಣಾರೆ ಓದಿದ್ದೇನೆ: “ಏಳನೇ ಸಾಲಿನಲ್ಲಿ ಆವರಣ ಮುಚ್ಚದೆ ಬಿಟ್ಟಿರುವುದು ನಿಜ. ಕನ್ನಡಕ ಮನೆಯಲ್ಲಿ ಮರೆತ ಕಾರಣ ಹೀಗಾಗಿದೆ. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ.” ಕೆಳಗೆ ಸಹಿ! ಯಾರಿಗೆ ಈ ಸಹಿ? ಅಮೆರಿಕದಿಂದ ಯಾರಾದರೂ ತಪಾಸಣೆಗೆ ಬರುತ್ತಾರೆಯೇ?

ಆಮೇಲೆ ಇಫ್ ಮತ್ತು ಎಲ್ಸ್ ಬಂತು. ಅದನ್ನು ಕಲಿತ ದಿನ ಭಾವ ಬಸ್ ಸ್ಟ್ಯಾಂಡಿನಲ್ಲೇ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. “ಇಫ್ ಅಂದ್ರೆ ಇಂಗಾದ್ರೆ, ಎಲ್ಸ್ ಅಂದ್ರೆ ಇಲ್ದೆ ಓದ್ರೆ. ಬೆಟ್ಟದ ಬಸ್ ಬಂದ್ರೆ ಕೂಗು, ಇಲ್ದೆ ಓದ್ರೆ ಸುಮ್ಕಿರು. ಮೂವತ್ತು ವರ್ಷ ನಾನು ಮಾಡಿದ್ದು ಇದೇಯ ಕಣ್ಲಾ!” ಅದು ಸುಮ್ಮನಿರುವುದನ್ನೂ ಕಲಿಸುವ ವಿದ್ಯೆ ಎಂದು ತಿಳಿದಿದ್ದರೆ ಫೀಸು ನಾನೇ ಕಟ್ಟುತ್ತಿದ್ದೆ.

ಕೊನೆಗೂ ವೆಬ್‌ಸೈಟು ಹುಟ್ಟಿತು. ಹನೂರಿನಿಂದ ಹೊರಡುವ ಬಸ್ಸುಗಳ ವೇಳಾಪಟ್ಟಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಚೌಕದ ಕಾಗದವನ್ನು ಭಾವ ತಾವೇ ಅಂಟು ಹಚ್ಚಿ ಬಸ್ ಸ್ಟ್ಯಾಂಡಿನ ಕಂಬಕ್ಕೆ ಮೆತ್ತಿದರು. ಒಡೆಯರಪಾಳ್ಯಕ್ಕೆ ಹೋಗಬೇಕಿದ್ದ ಒಬ್ಬ ಹೆಂಗಸು ಮೊದಲ ಗಿರಾಕಿ. ಪುಟ ತೆರೆಯಿತು. ನಿಮ್ಮ ಹೆಸರೇನು? ಯಾವೂರು? ಯಾರ ಮನೆಯವರು? ಊಟ ಆಯ್ತಾ? ಆಯಮ್ಮ ಸತ್ಯವಂತೆ, “ಇಲ್ಲ” ಒತ್ತಿದರು. “ಪ್ರಯಾಣಿಕರ ಗಮನಕ್ಕೆ. ಮೊದಲು ಊಟ ಮಾಡಿ ಬನ್ನಿ” ಎಂದಿತು ಪುಟ. ಅಷ್ಟರಲ್ಲಿ ಒಡೆಯರಪಾಳ್ಯದ ಬಸ್ಸು ಅವರ ಬೆನ್ನ ಹಿಂದಿನಿಂದಲೇ ಹೊರಟುಹೋಯಿತು!

ಟೀ ಅಂಗಡಿಯ ಮುಂದೆ ಹತ್ತು ಜನ ನಿಂತಿದ್ದರು. ನಾನು ಬಿಡುತ್ತೇನೆಯೇ? “ಭಾವ, ಬಸ್ಸು ತಪ್ಪಿಸೋಕೂ ಒಂದು ವೆಬ್‌ಸೈಟು ಬೇಕಾಗಿತ್ತಾ?” ಎಂದು ದೊಡ್ಡ ದನಿಯಲ್ಲಿ ಕೇಳಿದೆ. ಎಲ್ಲರೂ ನಕ್ಕರು. ಭಾವ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ, “ಒಂದಪ ಅದ್ರಲ್ಲಿ ನಿನ್ನೆಸ್ರು ಒಡ್ದು ನೋಡ್ಲಾ” ಎಂದರು.

“ಬಸ್ಸು ಬಂತು ಭಾವ” ಎಂದು ಹತ್ತಿಕೊಂಡೆ.

ಅದಾದ ಮೇಲೆ ಒಂದು ತಿಂಗಳು ಭಾವ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ನನ್ನನ್ನು ಊಟಕ್ಕೆ ಕರೆಯುವವರೂ ಇಲ್ಲವಾದರು. ನೆಮ್ಮದಿಯಾಯಿತು ಎಂದುಕೊಂಡೆ. ಆಗಲಿಲ್ಲ. ಆಡಿದ ಮಾತು ಒಳಗೇ ಚುಚ್ಚುತ್ತಿತ್ತು.

ಕಳೆದ ಶನಿವಾರ ಮಧ್ಯಾಹ್ನ ಕಚೇರಿ ಬೇಗ ಮುಗಿಯಿತು. ಬಸ್ಸಿಗೆ ಕಾಯುತ್ತಾ ಆ ಕಂಬಕ್ಕೇ ಒರಗಿ ನಿಂತಿದ್ದೆ. ಹೊತ್ತು ಹೋಗಲಿ ಎಂದು ಆ ಚೌಕವನ್ನು ಸ್ಕ್ಯಾನ್ ಮಾಡಿದೆ. ಹೆಸರು ಹೊಡೆದೆ. ಊರು, ಅಗರ. ಯಾರ ಮನೆಯವರು ಎಂದು ನನ್ನನ್ನು ಕೇಳಲೇ ಇಲ್ಲ! ನೇರವಾಗಿ, ಊಟ ಆಯ್ತಾ? “ಇಲ್ಲ” ಒತ್ತಿದೆ.

“ಕೊಳ್ಳೇಗಾಲಕ್ಕೆ ಈಗೊಂದು ಬಸ್ಸು ಅದ, ಅದು ಓದ್ರೆ ಇನ್ನೊಂದು ಅದ, ಅದೂ ಓದ್ರೆ ಮತ್ತೊಂದು ಅದ. ಮೂವತ್ತು ವರ್ಷ ಬಸ್ ಬುಟ್ಟೋನ್ಗೆ ಬಸ್ಸಿನ ನೆಪ ಯೋಳ್ತೀಯಾ? ನಿಮ್ಮಕ್ಕ ಓದ್ಮೇಲೆ ಆ ಮನೇಲಿ ಒಬ್ನೇ ಉಣ್ಣಕಾಗಲ್ಲ ಕಣ್ಲಾ. ಬಾ.”

ಎರಡು ಸಲ ಓದಿದೆ. ಹಿಂದಕ್ಕೆ ಹೋಗಿ “ಆಯ್ತು” ಒತ್ತಿ ನೋಡಿದೆ. ಅಲ್ಲೂ ಅದೇ ಬಂತು, “ಸುಳ್ಳು ಯೋಳ್ಬೇಡ” ಎಂಬುದೊಂದು ಮಾತ್ರ ಮೇಲೆ ಸೇರಿತ್ತು. ಎಲ್ಲರಿಗೂ ಎರಡು ದಾರಿ ಇಟ್ಟ ಭಾವ ನನಗೆ ಒಂದೇ ದಾರಿ ಇಟ್ಟಿದ್ದರು.

ಹೋದೆ. ಅಕ್ಕನ ಅಡುಗೆಮನೆಯಲ್ಲೇ ಇಬ್ಬರೂ ನೆಲದ ಮೇಲೆ ಕೂತೆವು. ಮುದ್ದೆಯಲ್ಲಿ ಗಂಟಿತ್ತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು, ಇವನು ಈಗ ಏನೋ ಅನ್ನುತ್ತಾನೆ ಎಂದು. ಹೊರಗೆ ಕೊಳ್ಳೇಗಾಲದ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

“ಇನ್ನರ್ಧ ಮುದ್ದೆ ಆಕಿ ಭಾವ” ಎಂದೆ.